ಟ್ರ್ಯಾಕ್ಟರಿಗೆ ಕಾರಿನ ಎಣ್ಣೆ

ಮಹಾರಾಜಾಧಿರಾಜ ಭಾವನವರಿಗೆ,

ಬೇಡ ಬೇಡವೆಂದು ಬಡಕೊಂಡರೂ ಕಾರಿನ ಎಂಜಿನ್ ಆಯಿಲ್ ತಂದು ಟ್ರ್ಯಾಕ್ಟರಿನ ಗೇರ್‌ಬಾಕ್ಸಿಗೆ ಸುರಿದಿರಿ! “ಎಣ್ಣೆ ಅಂದ್ರೆ ಎಣ್ಣೆ ಕಣೋ, ನಿನ್ನ ಪುರಾಣ ಸಾಕು,” ಎಂದು ಮೀಸೆ ತಿರುವಿದಿರಿ. ಆ ಗಾಡಿಯ ಬ್ರೇಕ್ ಮುಳುಗಿರುವುದೂ ಅದೇ ಎಣ್ಣೆಯಲ್ಲಿ, ಸ್ವಾಮೀ! ಇಳಿಜಾರಿನಲ್ಲಿ ನೀವು ಎಷ್ಟು ತುಳಿದರೂ ಅದು ಹಿಡಿಯಲಿಲ್ಲ. ಗೇಟು ತೆಗೆಯುತ್ತಿದ್ದ ಅಕ್ಕ ಚರಂಡಿಗೆ ಹಾರಿ ಕೈ ಮುರಿದುಕೊಂಡಳು.

ಆಸ್ಪತ್ರೆಯಲ್ಲಿ “ಮೆಟ್ಟಿಲಲ್ಲಿ ಬಿದ್ದೆ” ಎಂದು ನಿಮ್ಮ ಮಾನ ಕಾಯ್ದಳು. ನಾನು ಕಾಯುವವನಲ್ಲ!

ಆ ಎಣ್ಣೆಯನ್ನು ಪೂರ್ತಿ ಇಳಿಸಿ, ಟ್ರ್ಯಾಕ್ಟರಿಗೆಂದೇ ಇರುವ ಗೇರ್ ಆಯಿಲ್ ಹಾಕಿಸಿ. ಆಮೇಲೆ ಅದೇ ಇಳಿಜಾರಿನಲ್ಲಿ ನಾನು ಗಾಡಿ ಓಡಿಸುತ್ತೇನೆ, ಗೇಟಿನ ಮುಂದೆ ನೀವು ನಿಲ್ಲಬೇಕು. ಕದಲದೆ ನಿಂತರೆ, ನಿಮ್ಮ ಮನೆಗೆ ವಾಪಸು ಬರುವುದೋ ಬೇಡವೋ ಎಂದು ತವರಿಗೆ ಬಂದು ಕೂತಿರುವ ಅಕ್ಕ ಯೋಚಿಸುತ್ತಾಳಂತೆ.

ಇಂತಿ,
ಹಲ್ಲು ಕಚ್ಚಿಕೊಂಡಿರುವ
ನಿಮ್ಮ ಬಾಮೈದ