ಗಾಸ್ಪರೆಯ ತಲೆಯೊಳಗಿನ ಖಾಲಿ ಜಾಗ

ಮಿಲಾನೊ, ಗುರುವಾರ

ಅಕ್ಕ,

೧೯೬೯ರ ಈಸ್ಟರಿನಂದು ಪಾದ್ರಿ ಎರ್ಮೆಟೆ ಊರವರೆದುರು ನಮ್ಮ ತಮ್ಮ ಗಾಸ್ಪರೆಗೆ ಯೇಸುವಿನ ಶರೀರವೆಂದು ನೀಡುವ ಪರಮಪ್ರಸಾದ ಕೊಡದೆ, "ಈ ಹುಡುಗನಿಗೆ ಅರಿವೇ ಇಲ್ಲ, ಏನು ತಿಂತಿದೀನಿ ಅಂತ ಗೊತ್ತಾಗಲ್ಲ" ಎಂದು ಹಿಂದಕ್ಕೆ ಕಳಿಸಿದ್ದನ್ನು ನೀನು ಮರೆತಿರಬಹುದು, ನಾನು ಮರೆತಿಲ್ಲ. ಅವನ ತೂರಾಟ, ತೊದಲು ನೋಡಿಯೇ ಕೊಟ್ಟ ತೀರ್ಪು ಅದು.

ಅರಿವು ಮಿದುಳಿನಲ್ಲಿ ಹೇಗೆ ಹುಟ್ಟುತ್ತದೆಂದು ವಿಜ್ಞಾನಿಗಳು ಜಗಳವಾಡುವ ಸಭೆಯಲ್ಲಿ ಇಂದು ಗಾಸ್ಪರೆಯ ತಲೆಯ ಚಿತ್ರ ಗೋಡೆಯಗಲಕ್ಕೆ ಮೂಡಿತು. ಹಿಂಭಾಗದಲ್ಲಿ, ನಡಿಗೆ, ಮಾತುಗಳನ್ನು ಹದದಲ್ಲಿಡುವ ಕಿರುಮಿದುಳು ಇರಬೇಕಾದಲ್ಲಿ ಬರೀ ಕಪ್ಪು. ಹುಟ್ಟಿನಿಂದಲೇ ಇಲ್ಲವಂತೆ. ಮಿದುಳಿನ ಮುಕ್ಕಾಲು ಪಾಲು ಕೋಶಗಳು ಇರಬೇಕಾದ ಜಾಗ! "ಆದರೂ ಇವರ ಅರಿವು ನಮ್ಮಷ್ಟೇ ಪೂರ್ಣ. ಅರಿವು ಕೋಶಗಳ ಲೆಕ್ಕದಲ್ಲಿಲ್ಲ, ಅವು ಪರಸ್ಪರ ಬೆಸೆದುಕೊಳ್ಳುವ ಬಗೆಯಲ್ಲಿದೆ" ಎಂದರು ಪ್ರೊಫೆಸರ್ ಬರ್ತೊಲಿನಿ.

ಎದುರುವಾದಿಯೊಬ್ಬ ಎದ್ದು ಕುಟುಕಿದ: "ಮೇಡಂ, ನಿಮ್ಮ ಇಡೀ ಸಿದ್ಧಾಂತ ಇವರೊಬ್ಬರ ತಲೆ ಮೇಲೆ ನಿಂತಿದೆಯೋ?"

ವೇದಿಕೆಯ ಮೇಲೆ ಕೂತಿದ್ದ ಗಾಸ್ಪರೆ ತೊದಲುತ್ತಲೇ ಹೇಳಿದ: "ಬೇಡ ಸ್ವಾಮಿ, ನಾನೇ ನೆಟ್ಟಗೆ ನಿಲ್ಲಲ್ಲ, ಅದೂ ಬಿದ್ದುಹೋದೀತು!"

ಎರಡೂ ಪಕ್ಷದವರು ನಕ್ಕು ಚಪ್ಪಾಳೆ ತಟ್ಟಿದರು. ನನ್ನ ಎದೆ ಉಬ್ಬಿತು, ಅಕ್ಕ.

ಅವನ ಮೊಣಕಾಲು ನೋವು ಕಡಿಮೆಯಾಗಿದೆ. ಇಲ್ಲಿನ ಕೇಸರಿ ಅನ್ನವನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳುತ್ತಾನೆ. ಊರಿನ ಚರ್ಚಿನ ಬಲಿಪೂಜೆಯಲ್ಲಿ ಮಾತ್ರ ಇಂದಿಗೂ ಪ್ರಸಾದಕ್ಕೆಂದು ಕೊನೆಯ ಬೆಂಚು ಬಿಟ್ಟು ಏಳುವುದಿಲ್ಲ.

ಕಾರ್ಡಿನಲ್ಲಿ ಜಾಗ ಮುಗಿಯಿತು. ಇದನ್ನು ಚರ್ಚಿನ ಬಾಗಿಲಿಗೆ ಅಂಟಿಸು. ಎರ್ಮೆಟೆ ಇನ್ನೂ ಬದುಕಿದ್ದಾರಲ್ಲ, ಭಾನುವಾರ ಬಲಿಪೀಠದ ಅದೇ ಮೆಟ್ಟಿಲ ಮೇಲೆ ನಿಂತು ಎಲ್ಲರೆದುರು ಹೇಳಲಿ: ಅಂದು ಗಾಸ್ಪರೆಗೆ ತಿಳಿಯದೆ ಇದ್ದದ್ದಾದರೂ ಏನು?

ರೆನಾತೊ