ಸೀಟಿಗೆ ಓಗೊಡದ ರೇಖೆ

ಕಮರಿಪೇಟೆ, ಹುಬ್ಬಳ್ಳಿ
೧೮ ಫೆಬ್ರುವರಿ ೧೯೪೮

ಪ್ರಿಯ ಸಿದ್ದಲಿಂಗಪ್ಪನಿಗೆ,

ಅಳಿಯನೂ ನೀನೇ, ಹೆಂಡತಿಯ ತಮ್ಮನೂ ನೀನೇ. ಎರಡೂ ಸಲುಗೆಯಿಂದ ಹರಸುತ್ತೇನೆ. ಆದವಾನಿಯ ಹತ್ತಿಪೇಟೆಯಿಂದ ನೀನು ಬರೆದ ಕಾಗದಗಳಿಗೆ ಉತ್ತರ ತಡವಾಯಿತು, ಕ್ಷಮಿಸು. ಮುಂಬಯಿಯಿಂದ ಮರಳಿದ ಮೇಲೆ ಲೇಖನಿ ಹಿಡಿಯಲು ಮನಸ್ಸು ಒಪ್ಪಲಿಲ್ಲ.

ನಿನ್ನ ಮಗಳು ಶಿವಲಿಂಗವ್ವನ ಕಿವಿಯ ಪರೀಕ್ಷೆ ಮುಗಿಯಿತು. ನಾವು ಬೆನ್ನ ಹಿಂದೆ ತಾಟು ಬಾರಿಸಿದಾಗ ಅವಳು ತಿರುಗಿ ನೋಡುತ್ತಿದ್ದಳಲ್ಲ, ಮಹಡಿಯ ಹಲಗೆಯ ನಡುಕ ಅಂಗಾಲಿಗೆ ತಾಗುತ್ತಿತ್ತಂತೆ, ಅಷ್ಟೇ. ಮುಂಬಯಿಯ ಆಸ್ಪತ್ರೆಯಲ್ಲಿ ತಲೆಗೆ ತಂತಿಗಳನ್ನು ಅಂಟಿಸಿ ಸೀಟಿ ಊದಿದರು. ಕಿವಿಗೆ ಬಿದ್ದ ಶಬ್ದ ನರದ ದಾರಿ ಹಿಡಿದು ಮೆದುಳನ್ನು ಮುಟ್ಟಿದರೆ ಅಲ್ಲಿ ಸೂಕ್ಷ್ಮವಾದ ವಿದ್ಯುತ್ತು ಏಳುತ್ತದೆ. ಯಂತ್ರದ ಮುಳ್ಳು ಅದನ್ನು ಕಾಗದದ ಮೇಲೆ ರೇಖೆಯಾಗಿ ಎಳೆಯುತ್ತದೆ. ಹುಬ್ಬಳ್ಳಿಯಿಂದ ಹೊಡೆದ ತಾರು ಲೋಂಡಾ, ಮಿರಜ, ಪುಣೆ ದಾಟಿ ಮುಂಬಯಿ ಮುಟ್ಟಿತೇ ಎಂದು ವಿಚಾರಿಸಿದ ಹಾಗೆ. ನಡುವೆ ಎಲ್ಲಿ ಕಡಿಯಿತೆಂಬುದನ್ನು ಯಂತ್ರ ಹೇಳಲಾರದು.

ತಂತಿ ಅಂಟಿಸುವ ಶಾಬುದ್ದೀನ ನಮ್ಮ ಧಾರವಾಡದವನು. “ಮಾಸ್ತರ್ರ, ಹುಡುಗಿ ತಲಿ ಅಷ್ಟು ಬಿಗಿ ಹಿಡೀಬ್ಯಾಡ್ರಿ, ಮಗ್ಗಿ ತಪ್ಪ್ಯಾಳೇನು!” ಎಂದು ಚೇಷ್ಟೆ ಮಾಡಿದ. ನಾನೂ ನಕ್ಕೆ. ಸೀಟಿಯ ಮೇಲೆ ಸೀಟಿ ಊದಿದರು. ಅವನ ನಗು ನಿಂತಿತು. “ಇನ್ನೊಮ್ಮೆ ನೋಡೂಣ್ರಿ” ಎಂದ. ರೇಖೆ ತನ್ನ ಪಾಡಿಗೆ ತಾನು ಸಾಗಿತು. ಒಂದು ಸೀಟಿಗೂ ಓಗೊಡಲಿಲ್ಲ.

ಮಗುವಿನ ತಂದೆತಾಯಿ ಮದುವೆಗೆ ಮೊದಲೇ ಸಂಬಂಧಿಗಳೋ ಎಂದು ಡಾಕ್ಟರು ಮರಾಠಿಯಲ್ಲಿ ಕೇಳಿದರು. “ಮಗಳನ್ನು ಅವಳ ಸೋದರಮಾವನಿಗೇ ಕೊಟ್ಟದ್ದು. ಈ ಪದ್ಧತಿ ನಿಮ್ಮ ಯಂತ್ರಕ್ಕಿಂತ ಹಳೆಯದು” ಎಂದೆ. ಅವರು ಅದನ್ನು ಬರೆದುಕೊಂಡರು.

ನಿನ್ನ ಹೆಂಡತಿ ಚನ್ನಬಸವ್ವ ಅಳಲಿಲ್ಲ. ರೈಲಿನಲ್ಲಿ ಗಂಡುಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, “ಅಪ್ಪಾರ, ಸಣ್ಣಾಂವ ಅದಾನಲ್ರಿ. ಅಕ್ಕನ ಪಾಲಿಂದೂ ಅವಾ ಕೇಳ್ತಾನ. ಇಬ್ಬರಿಗೂ ಕೂಡಿ ಒಂದು ಜೋಡಿ ಕಿವಿ ಹಡದೇನಿ ತಿಳಕೋರಿ” ಅಂದಳು. ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತೆ.

ಶಿವನು ನಿನಗೆ ಎದೆಗಟ್ಟಿತನ ಕೊಡಲಿ. ವ್ಯಾಪಾರ ಬಿಟ್ಟು ಬೇಗ ಹೊರಟು ಬಾ.

ಇಂತು ನಿನ್ನ ಹಿತೈಷಿ,
ಗುರುಶಿದ್ದಪ್ಪ

ತಾ.ಕ.: ನನ್ನ ಉತ್ತರ ಕೇಳಿದ ಮೇಲೆ ಡಾಕ್ಟರು ಕೂಸನ್ನೂ ಒಳಗೆ ತರಲು ಹೇಳಿದರು. ಚನ್ನಬಸವ್ವ ಹೊರಗೆ ಶಿವಲಿಂಗವ್ವನಿಗೆ ಉಣಿಸುತ್ತಿದ್ದಳು. ಮಲಗಿದ್ದ ಕೂಸನ್ನು ನಾನೇ ಎತ್ತಿಕೊಂಡು ಹೋದೆ. ಕೇಳುವ ಮೆದುಳು ನಿದ್ದೆಯಲ್ಲಿಯೂ ಓಗೊಡಬೇಕಂತೆ. ಇವನದೂ ಓಗೊಡಲಿಲ್ಲ. ಅವಳಿಗೆ ಇನ್ನೂ ಹೇಳಿಲ್ಲ. ಈಗ ಒಳಗೆ ತೊಟ್ಟಿಲು ತೂಗುತ್ತ ಹಾಡುತ್ತಿದ್ದಾಳೆ. ಕೂಸಿಗೆ ಎಚ್ಚರವಾದೀತೆಂದು, ಬಹಳ ಮೆಲ್ಲಗೆ.