ತೋಳ ಬಿಟ್ಟುಹೋದ ಗಂಟೆ

ಸುರಪುರ
8 ಫೆಬ್ರವರಿ 1953

ಗೆಳೆಯ ಮನ್ಸೂರಅಲಿಗೆ ಭಗವಂತರಾಯನ ಸಲಾಮು.

ನೀನು ಈದಿಗೆ ಬರೆದ ಕಾಗದಕ್ಕೆ ಚಳಿಗಾಲ ಮುಗಿಯುವಾಗ ಉತ್ತರ ಬರೆಯುತ್ತಿದ್ದೇನೆ. ಎಷ್ಟು ಬೈದರೂ ಕಡಿಮೆ. ನಾವಿಬ್ಬರೂ ಶಾಲೆಯಲ್ಲಿ ಕಲಿತ ಉರ್ದುವಿನಲ್ಲಿ ಬರೆಯಬಹುದಿತ್ತು. ಆದರೆ ನೀನು ಇದನ್ನು ಓದಿ ಹೇಳುವಾಗ ನಿನ್ನ ತಾಯಿ ಮದೀನಾಬೀ ಚಾಚಿಯ ಕಿವಿಗೆ ನಮ್ಮೂರಿನ ಮಾತು ಬೀಳಲಿ. ಹೈದರಾಬಾದಿನಲ್ಲಿ ಅವರ ಜೊತೆ ಕನ್ನಡ ಆಡುವವರು ಯಾರಿದ್ದಾರೆ?

ಚಾಚಿ ಕೇಳಿಸಿದ್ದು ಒಂದೇ ಪ್ರಶ್ನೆ: ತೋಳ ನಿಜವಾಗಿಯೂ ಆಳೆತ್ತರದ ಮನುಷ್ಯನನ್ನು ತಿನ್ನುತ್ತದೆಯೇ? ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮರ ಆಳ್ವಿಕೆ ಮುಗಿದ ವಾರ ನಿನ್ನ ತಂದೆ ಸುಲ್ತಾನಸಾಬ ಚಾಚಾ ಜಹಗೀರುದಾರರ ಬೇಟೆಯ ಜಾಗವಾದ ಶಿಕಾರಗಾಹದ ಕಾವಲಿಗೆ ಹೋದವರು ತಿರುಗಿ ಬರಲಿಲ್ಲ. ತೋಳ ತಿಂದಿತು ಎಂದು ಊರು ಹೇಳಿ ಕೈ ತೊಳೆದುಕೊಂಡಿತು. ಚಾಚಿ ಅದನ್ನು ನಂಬಲೂ ಇಲ್ಲ, ಬಿಡಲೂ ಇಲ್ಲ. ಪುಸ್ತಕದಲ್ಲಿ ಓದಿದ್ದನ್ನು ಬರೆದು ಕಳಿಸಲು ಮನಸ್ಸಾಗಲಿಲ್ಲ. ತೋಳ ಚಳಿಗಾಲದಲ್ಲಿ ಮರಿ ಹಾಕುತ್ತದೆ, ಆಗ ಒಂದೇ ಕಡೆ ನೋಡಸಿಗುತ್ತದೆ ಎಂದು ಕಾದೆ.

ಚಿಕ್ಕವರಿದ್ದಾಗ ಚಾಚಾ ನಮ್ಮನ್ನು ಬೇಲಿಯಿಂದಲೇ ಓಡಿಸುತ್ತಿದ್ದರಲ್ಲ, ದೊರೆಗಳ ಜಾಗ ಎಂದು. ಈಗ ಅದು ಸರ್ಕಾರದ್ದು. ಯಾರು ಬೇಕಾದರೂ ಹೋಗಬಹುದು. ಉರ್ದು ಬೋರ್ಡು ಕಿತ್ತು ಕನ್ನಡದ್ದು ನೆಟ್ಟಿದ್ದಾರೆ. ಹೊಸ ಕಾವಲುಗಾರ ದ್ಯಾವಪ್ಪ ಬಂದವರಿಗೆಲ್ಲ ಒಂದು ಜಾಗ ತೋರಿಸಿ ಹೇಳುತ್ತಾನೆ.

"ಮೆಲ್ಲಕ ಬರ್ರಿ ಸಾಹೇಬ್ರ. ಹಿಂದಿನ ಕಾವಲುಗಾರನ್ನ ಇಲ್ಲೇ ತೋಳ ತಿಂದಾವ. ಎಲುಬು ಸೈತ ಬಿಟ್ಟಿಲ್ಲ."

"ನೀ ನೋಡೀದೇನು?"

"ನಾ ಎಲ್ಲಿ ನೋಡ್ಲಿರಿ? ಆಗ ಯಾದಗಿರಿ ಟೇಸನ್ನಿನ್ಯಾಗ ಹಮಾಲಿ ಮಾಡ್ತಿದ್ನಿ. ಬಂದವರಿಗೆ ಹಿಂಗ ಹೇಳು ಅಂದಾರ, ಹೇಳಾಕತ್ತೇನಿ."

ನನ್ನ ಮೈ ಉರಿಯಿತು. ಆ ವಾರ ಕುಡುಗೋಲು ಹಿಡಿದು ತಿರುಗಿದವರ ಮುಖ ನನಗೆ ಮರೆತಿಲ್ಲ. ಇಂದು ಅವರಲ್ಲಿ ಒಬ್ಬರು ಸಭೆಗಳಲ್ಲಿ ಹಾರ ಹಾಕಿಸಿಕೊಳ್ಳುತ್ತಾರೆ. ಅಪವಾದ ಮಾತ್ರ ಬಾಯಿಲ್ಲದ ಪ್ರಾಣಿಯ ತಲೆಗೆ.

ದ್ಯಾವಪ್ಪನನ್ನು ಅಲ್ಲೇ ಬಿಟ್ಟು, ಹುಲ್ಲುಗಾವಲಿನ ಅಂಚಿಗೆ ಹಟ್ಟಿ ಹಾಕಿದ್ದ ಕುರಿಗಾರ ಹುಲಗಪ್ಪನ ಜೊತೆ ಹೋದೆ. ಹೊತ್ತು ಇಳಿಯುವಾಗ ಬಂಡೆಯ ಮರೆಯಲ್ಲಿ ಕೂತೆವು. ಮೊದಲು ಮೂರು ಮರಿ ಹೊರಬಂದವು, ಮಸಿ ಬಳಿದಂಥ ಬಣ್ಣ. ಹಳೆಯ ಕಂಬಳಿಯ ಚೂರೊಂದನ್ನು ಎಳೆದಾಡಿದವು. ಆಮೇಲೆ ತಾಯಿ. ಮನ್ಸೂರ, ಅದು ಎಷ್ಟು ತೆಳ್ಳಗಿದೆ ಎಂದು ಹೇಗೆ ಹೇಳಲಿ! ಒಣಹುಲ್ಲಿನ ಬಣ್ಣ, ಉದ್ದ ಕಾಲು, ನಮ್ಮ ಓಣಿಯ ನಾಯಿಗಿಂತ ತುಸು ಎತ್ತರ ಅಷ್ಟೆ. ಏನೋ ಮರೆತು ಬಂದವರಂತೆ ನಿಂತು ನಿಂತು ನಡೆಯುತ್ತದೆ. ಒಂದು ಗಳಿಗೆ ನನ್ನನ್ನೇ ನೋಡಿತು. ಹಳದಿ ಕಣ್ಣು. ನನಗೆ ಹೆದರಿಕೆಯಾಗಲಿಲ್ಲ, ಸಂಕೋಚವಾಯಿತು.

ಅಷ್ಟರಲ್ಲಿ ನನಗೆ ಸೀನು ಬಂತು. ತಾಯಿ, ಮರಿ ಎಲ್ಲ ಮಾಯ.

"ಕೆಡಿಸಿದ್ರಿ ನೋಡ್ರಿ ರಾಯರ," ಹುಲಗಪ್ಪ ನಕ್ಕ. "ಅದು ಭಾಳ ಪುಕ್ಕಲ. ನನ್ನ ಹೇಣ್ತಿ ಮೋನಮ್ಮ ಕೂಗಿದ್ರ ಹಳ್ಳ ದಾಟಿ ಓಡತದ. ನಾನೂ ಓಡ್ತೀನಿ ಅನ್ರಿ."

"ಮತ್ತ ಕುರಿ ಒಯ್ಯೂದು?"

"ಒಯ್ತದ. ಅದರ ಪಾಲು ಅದು. ಮರುದಿನ ನಾವು ಗಂಟಿ ಹುಡುಕ್ತೀವಿ. ಕೊಳ್ಳಾಗಿನ ಪಟ್ಟಾ ಕಡದು ಬಿಟ್ಟಿರತದ, ಗಂಟಿ ತಿನ್ನಂಗಿಲ್ಲ. ಅಡವ್ಯಾಗ ಸಿಕ್ಕಿದ್ದು ಬಿಟ್ಟು ಬರಬಾರದು, ಇನ್ನೊಂದರ ಕೊಳ್ಳಿಗಿ ಕಟ್ತೀವಿ."

ಹಾಗೆ ಕಡಿದ ಒಂದು ಪಟ್ಟಾ ತೋರಿಸಿದ. ತುದಿಯೆಲ್ಲ ನಾರುನಾರಾಗಿ ಚಿಂದಿಯಾಗಿತ್ತು.

ಚಾಚಿಗೆ ಹೇಳು: ಭಗವಂತ ಕಣ್ಣಾರೆ ನೋಡಿ ಬಂದಿದ್ದಾನೆ, ಒಂದು ಸೀನಿಗೆ ಓಡುವ ಪ್ರಾಣಿ ಚಾಚಾನನ್ನು ಮುಟ್ಟಿಲ್ಲ. ಅವರನ್ನು ಬಲ್ಲ ತೋಳಗಳು ಅವರ ದಾರಿ ಬಿಟ್ಟು ನಡೆದಿರಬೇಕು. ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ಚಾಚಿಯ ಮೊಣಕಾಲು ನೋವು ಇಳಿಯಲಿ. ನಿಮ್ಮ ಬಾಗಿಲಿಗೆ ಯಾವ ಭಯವೂ ಬಾರದಿರಲಿ.

ನಿನ್ನವನೇ ಆದ
ಭಗವಂತರಾಯ

ತಾ.ಕ.: ಇಲ್ಲಿಂದ ಮುಂದೆ ಚಾಚಿಗೆ ಓದಬೇಡ. ಹುಲಗಪ್ಪನ ದೊಡ್ಡ ಟಗರಿನ ಕೊರಳಲ್ಲಿ ಅಗಲವಾದ ತೊಗಲಿನ ಪಟ್ಟಾ ಇತ್ತು, ಅದರ ಮೇಲೆ ಹಿತ್ತಾಳೆಯ ಬಿಲ್ಲೆ. ನೀನೂ ನಾನೂ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ, ಕಾವಲಿಗೆ ಹೋಗುವಾಗ ಹೆಗಲಿಗೆ ಹಾಕುತ್ತಿದ್ದ ಚಾಚಾನ ಪಟ್ಟಾದ ಬಿಲ್ಲೆ. ಅದರ ಮೇಲೆ ಬರೆದದ್ದನ್ನು ಓದಿ ಗುರುತು ಹಿಡಿಯಬೇಕಾಗಲಿಲ್ಲ. ಆ ವಾರವೇ ಸಿಕ್ಕಿತ್ತಂತೆ, ಗಂಟೆಯಂತೆ ತಂದು ಕಟ್ಟಿದ್ದಾನೆ. ಯಾರಿಗೂ ಯಾಕೆ ಹೇಳಲಿಲ್ಲ ಎಂದೆ. "ಯಾರಿಗಿ ಹೇಳ್ಬೇಕಿತ್ರಿ? ಇದ್ದ ಸರ್ಕಾರ ಹೋಗಿತ್ತು, ಬರೋ ಸರ್ಕಾರ ಬಂದಿರ್ಲಿಲ್ಲ," ಎಂದ. ಬಿಚ್ಚಿಸಿ ತಂದಿದ್ದೇನೆ. ಪಟ್ಟಾದ ತುದಿ ಚಿಂದಿಯಾಗಿಲ್ಲ, ಯಾರೋ ಒಂದೇ ಏಟಿಗೆ ನೆಟ್ಟಗೆ ಕತ್ತರಿಸಿದ್ದಾರೆ. ಎಲ್ಲಿ ಸಿಕ್ಕಿತು ಎಂದು ಕೇಳಿದೆ. "ನಿಮ್ಮ ಹೊಲದ ಬದುವಿನ್ಯಾಗ್ರಿ ರಾಯರ," ಎಂದ. ಶಿಕಾರಗಾಹದಿಂದ ನಿಮ್ಮ ಮನೆಗೆ ಆ ದಾರಿಯಲ್ಲ, ಮನ್ಸೂರ. ಆ ದಿನ ಚಾಚಾ ಆಸರೆಗೆಂದು ನಮ್ಮ ಮನೆಗೆ ಬರುತ್ತಿದ್ದರು.